ವಿಟಮಿನ್ ಮಾತ್ರೆ: ಎರಡೂ ಕಡೆಯವರ ಆಕ್ಷೇಪಗಳಿಗೆ ಉತ್ತರ

ವೈದ್ಯರನ್ನು ಕೇಳದೆ ವಿಟಮಿನ್ ಮಾತ್ರೆ ನುಂಗಬೇಡಿ, ಅವರು ಬರೆದುಕೊಟ್ಟಿದ್ದರೆ ಅರ್ಧಕ್ಕೆ ಬಿಡಬೇಡಿ ಎಂದು ನಾನು ಬರೆದದ್ದಕ್ಕೆ ಎರಡು ಕಡೆಯಿಂದಲೂ ಆಕ್ಷೇಪ ಬಂದಿದೆ. ಕೆಲವರಿಗೆ ವಿಟಮಿನ್ ಎಂದರೆ ಎಷ್ಟು ತಿಂದರೂ ಒಳ್ಳೆಯದನ್ನೇ ಮಾಡುವ ವಸ್ತು. ಇನ್ನು ಕೆಲವರಿಗೆ ಅದು ಔಷಧ ಕಂಪನಿಗಳು ಹೂಡಿದ ಆಟ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳಿಕೊಂಡಿಲ್ಲ. ಅವರ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

"ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಹಾನಿ ಎಲ್ಲಿಂದ ಬಂತು?" ಎಂಬುದು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ. ನೀರಿನಲ್ಲಿ ಕರಗುವ ಬಿ ಗುಂಪು ಮತ್ತು ಸಿ ವಿಟಮಿನ್‌ಗಳ ಮಟ್ಟಿಗೆ ಈ ಮಾತು ಅರ್ಧ ನಿಜ. ಆದರೆ ಅದೇ ಬಿ ಗುಂಪಿನ ಬಿ6 ಅನ್ನು ದಿನಕ್ಕೆ ಗ್ರಾಂ ಲೆಕ್ಕದಲ್ಲಿ ತಿಂಗಳುಗಟ್ಟಲೆ ತಿಂದವರ ಕೈಕಾಲು ಮರಗಟ್ಟಿ, ನಡಿಗೆಯೇ ತಪ್ಪಿದ್ದನ್ನು ಅಮೆರಿಕದ ವೈದ್ಯರು 1983ರಲ್ಲೇ ವರದಿ ಮಾಡಿದ್ದಾರೆ. ಜೋಮು ಹೋಗಲೆಂದು ನುಂಗುವ ಮಾತ್ರೆಯೇ ಮಿತಿಮೀರಿದರೆ ಜೋಮು ತರುತ್ತದೆ. ಸಿ ವಿಟಮಿನ್ ಅತಿಯಾದರೆ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚುತ್ತದೆ. ಒಮ್ಮೆ ಕಿಡ್ನಿಯಲ್ಲಿ ಕಲ್ಲಾದವರಿಗೆ ಇದು ಚಿಕ್ಕ ವಿಷಯವಲ್ಲ.

ಇನ್ನು ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಇವು ಮೂತ್ರದಲ್ಲಿ ಹಾಗೆ ಸುಲಭವಾಗಿ ಹೋಗುವುದಿಲ್ಲ. ಅದರಲ್ಲೂ ಎ ಮತ್ತು ಡಿ ಮೈಯಲ್ಲೇ ಕೂಡಿಕೊಳ್ಳುತ್ತವೆ. ನಮ್ಮ ಯಾವ ಮೆಡಿಕಲ್ ಶಾಪ್‌ನಲ್ಲೂ ಸಿಗುವ ಡಿ3 ಪುಡಿಯ ಪೊಟ್ಟಣವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದು ಗ್ರಾಂ ಪುಡಿ, ಮೇಲೆ 60,000 ಐಯು ಎಂಬ ಅಚ್ಚು. ನಮ್ಮ ದೇಶದ ಐಸಿಎಂಆರ್ ದೊಡ್ಡವರಿಗೆ ದಿನಕ್ಕೆ ಸೂಚಿಸಿರುವುದು 600 ಐಯು. ಅಂದರೆ ಒಂದು ಪೊಟ್ಟಣದಲ್ಲಿ ನೂರು ದಿನದ ಡಿ ಇದೆ. ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಟ್ಟು ನಿಲ್ಲಿಸುತ್ತೇವೆ.

ನನ್ನ ಬಳಿ ಬಂದ ಒಬ್ಬ ನಿವೃತ್ತ ಮೇಷ್ಟ್ರು ಅದನ್ನು ದಿನಾ ರಾತ್ರಿ ಹಾಲಿಗೆ ಬೆರೆಸಿ ಕುಡಿಯುತ್ತಿದ್ದರು. ಚೀಟಿಯಲ್ಲಿ ವಾರಕ್ಕೊಂದು ಎಂದೇ ಇತ್ತು, ಆದರೆ ಮಂಡಿನೋವು ಬೇಗ ಹೋಗಲಿ ಎಂಬ ಆಸೆ. ಕರೆದುಕೊಂಡು ಬಂದ ಮಗ, "ಡಾಕ್ಟ್ರೇ, ಅಪ್ಪನಿಗೆ ಅರಳುಮರಳು ಶುರುವಾದ ಹಾಗಿದೆ" ಎಂದರು. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಮಲಬದ್ಧತೆ, ಊಟ ಬೇಡ, ಮೊಮ್ಮಗಳ ಹೆಸರು ಹಿಡಿದು ಕರೆಯಲು ತಡವರಿಕೆ. ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಮೇಲೇರಿತ್ತು, ಕಿಡ್ನಿ ದಣಿದಿತ್ತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿ, ಪುಡಿ ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋದರು. ಮೈಯಲ್ಲಿ ಸೇರಿದ ಡಿ ಕರಗಲು ತಿಂಗಳುಗಳೇ ಬೇಕು. ವಯಸ್ಸಾಯಿತು ಎಂದುಕೊಂಡು ಮನೆಯಲ್ಲೇ ಕೂರಿಸಿದ್ದರೆ ಅವರ ಗತಿ ಏನಾಗುತ್ತಿತ್ತು ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

"ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್‌ಗಿಂತ ನೀವು ದೊಡ್ಡವರೇ?" ಖಂಡಿತ ಅಲ್ಲ. ಆದರೆ ಪಾಲಿಂಗ್ ಅವರಿಗೆ 1954ರ ನೊಬೆಲ್ ಬಂದದ್ದು ರಾಸಾಯನಿಕ ಬಂಧಗಳ ಮೇಲಿನ ಕೆಲಸಕ್ಕೆ, 1962ರದ್ದು ಶಾಂತಿಗಾಗಿ. ಸಿ ವಿಟಮಿನ್ ನೆಗಡಿಯನ್ನು ತಡೆಯುತ್ತದೆ ಎಂದು ಅವರು 1970ರಲ್ಲಿ ಪುಸ್ತಕ ಬರೆದರು. ಕ್ಯಾನ್ಸರಿಗೂ ಅದು ಮದ್ದು ಎಂದು ಆಮೇಲೆ ವಾದಿಸಿದರು. ಮೇಯೊ ಕ್ಲಿನಿಕ್‌ನವರು ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ಕೊಟ್ಟು ನೋಡಿದರು. 1979ರಲ್ಲೂ 1985ರಲ್ಲೂ ಪ್ರಕಟವಾದ ಫಲಿತಾಂಶ ಒಂದೇ: ಉಪಯೋಗವಿಲ್ಲ. ನೆಗಡಿಯ ವಿಷಯದಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು, ದಿನಾ ತಪ್ಪದೆ ತಿನ್ನುವ ದೊಡ್ಡವರಲ್ಲಿ ನೆಗಡಿಯ ಅವಧಿ ಶೇ. 8ರಷ್ಟು ಕಡಿಮೆಯಾಗುತ್ತದೆ ಎಂಬುದು. ಬಂದ ಮೇಲೆ ನುಂಗಿದರೆ ಅದೂ ಇಲ್ಲ. ಕೋವಿಡ್ ಕಾಲದಲ್ಲಿ ಸಿ ಮತ್ತು ಜಿಂಕ್ ತಮ್ಮನ್ನು ಉಳಿಸಿದವು ಎಂದು ನಂಬಿರುವವರಿಗೂ ಒಂದು ಮಾತು: 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಇವೆರಡನ್ನೂ ಪರೀಕ್ಷಿಸಿತು, ಲಕ್ಷಣಗಳು ಬೇಗ ಕಡಿಮೆಯಾಗಲಿಲ್ಲ.

"ಆಂಟಿಆಕ್ಸಿಡೆಂಟ್ ಕ್ಯಾನ್ಸರನ್ನು ತಡೆಯುತ್ತದೆ, ನೀವು ಜನರ ದಾರಿ ತಪ್ಪಿಸುತ್ತಿದ್ದೀರಿ" ಎಂದವರು ಫಿನ್ಲೆಂಡಿನ ಪ್ರಯೋಗವನ್ನು ಓದಬೇಕು. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ನೋಡಿ, ಅದರೊಳಗಿನ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ಕೊಟ್ಟರೆ ಹೇಗೆ ಎಂದು ಅಲ್ಲಿನ 29,133 ಧೂಮಪಾನಿ ಗಂಡಸರ ಮೇಲೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಬೀಟಾ ಕ್ಯಾರೊಟಿನ್ ಜೊತೆಗೆ ಎ ವಿಟಮಿನ್ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಅದು ಶೇ. 28, ಮುಂದುವರಿಸುವುದು ಸರಿಯಲ್ಲ ಎಂದು 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದರು. ಇ ವಿಟಮಿನ್ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಹುದೇ ಎಂದು 35,000ಕ್ಕೂ ಹೆಚ್ಚು ಗಂಡಸರಲ್ಲಿ ನೋಡಿದ ಇನ್ನೊಂದು ಪ್ರಯೋಗದಲ್ಲಿ, 2011ರ ವೇಳೆಗೆ ಆ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಆಗಿತ್ತು. ಬೀಡಿ ಸಿಗರೇಟು ಸೇದುವವರು ಅದಕ್ಕೆ ಪರಿಹಾರವೆಂದು ಇಂಥ ಮಾತ್ರೆ ತಿನ್ನುವುದನ್ನು ಕಂಡಾಗಲೆಲ್ಲ ನಾನು ಜೋರಾಗಿಯೇ ಹೇಳುತ್ತೇನೆ: ಬಿಡಬೇಕಾದದ್ದು ಬೀಡಿ.

"ಮಣ್ಣೇ ಸತ್ವ ಕಳೆದುಕೊಂಡಿದೆ, ಈಗಿನ ತರಕಾರಿಯಲ್ಲಿ ಏನಿದೆ?" ಮಣ್ಣಿನಲ್ಲಿ ಜಿಂಕ್ ಕಡಿಮೆಯಾದರೆ ಕಾಳಿನಲ್ಲೂ ಕಡಿಮೆಯಾಗುತ್ತದೆ, ಒಪ್ಪಿದೆ. ಆದರೆ ಸಿ ವಿಟಮಿನ್ ಮಣ್ಣಿನಿಂದ ಬರುವುದಿಲ್ಲ, ಗಿಡವೇ ತಯಾರಿಸಿಕೊಳ್ಳುತ್ತದೆ. ಒಂದು ಸೀಬೆಹಣ್ಣು ಇಂದಿಗೂ ದಿನದ ಅಗತ್ಯವನ್ನು ತುಂಬಿಸುತ್ತದೆ.

ಇನ್ನು ಎದುರು ಗುಂಪು. "ನಮ್ಮ ಅಜ್ಜಿಯರು ಯಾವ ಮಾತ್ರೆ ತಿಂದಿದ್ದರು? ಊಟವೇ ಔಷಧ" ಎಂದು ಬರೆದವರು ಬಹಳ. ಅಜ್ಜಿಯರ ಬಗ್ಗೆ ನನಗೂ ಗೌರವವಿದೆ. ಹೆರಿಗೆಯಲ್ಲಿ ತೀರಿಕೊಂಡವರು, ಹೆತ್ತ ಮಕ್ಕಳಲ್ಲಿ ಅರ್ಧದಷ್ಟನ್ನು ಮಣ್ಣು ಮಾಡಿದವರು ಆ ಪೀಳಿಗೆಯಲ್ಲಿ ಎಷ್ಟೋ ಮಂದಿ. ಅವರ ಕಥೆಯನ್ನು ಯಾರೂ ಈ ವಾದಕ್ಕೆ ಬಳಸುವುದಿಲ್ಲ.

ಹಿಂದಿನದು ಬೇಡ, ಈಗಿನದನ್ನೇ ಹೇಳುತ್ತೇನೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿರುವುದು ಕೆಲವೇ ತಿಂಗಳ ಕೂಸುಗಳು. ತಾಯಿಯ ಹಾಲು ಬಿಟ್ಟು ಬೇರೇನೂ ಕುಡಿಯದವು. ಶ್ವಾಸಕೋಶದ ರಕ್ತನಾಳಗಳ ಒತ್ತಡ ವಿಪರೀತ ಏರಿ, ಹೃದಯದ ಬಲಭಾಗ ಸೋತು, ಏದುಸಿರು ಬಿಡುತ್ತಾ ಬಂದಂಥವು. ಥಯಾಮಿನ್, ಅಂದರೆ ಬಿ1, ಕೊಟ್ಟ ಮೇಲೆ ಅವುಗಳಲ್ಲಿ ಹೆಚ್ಚಿನವು ಬಹುಬೇಗ ಚೇತರಿಸಿಕೊಂಡವು. ಆ ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನ ಉಣ್ಣುವವರು, ಬಾಣಂತನದ ಪಥ್ಯದಲ್ಲಿದ್ದವರು. ಪಥ್ಯದ ತಟ್ಟೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು: ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು ಎಂದು ದೂರ. ಅಕ್ಕಿಯ ತೌಡಿನ ಜೊತೆ ಬಿ1 ಗಿರಣಿಯಲ್ಲೇ ಹೋಗಿರುತ್ತದೆ, ಉಳಿದದ್ದರಲ್ಲಿ ಒಂದು ಪಾಲು ತೊಳೆದ ನೀರಿನಲ್ಲಿ, ಇನ್ನೊಂದು ಪಾಲು ಬಸಿದ ಗಂಜಿಯಲ್ಲಿ. ಅಕ್ಕರೆಯಿಂದ ಬಡಿಸಿದ ಆ ಊಟದಿಂದಲೇ ಎದೆಹಾಲಿನಲ್ಲಿ ಬಿ1 ಬರಿದಾಗಿ ಕೂಸಿನ ಜೀವಕ್ಕೆ ಕುತ್ತು ಬರುತ್ತದೆ. ಅಲ್ಲಿಗೆ ಬೇಕಾದದ್ದು ಬಾಣಂತಿಗೆ ಬೇಳೆ, ಕಾಳು, ಕುಚ್ಚಲಕ್ಕಿ. ಕೂಸು ಏದುಸಿರು ಬಿಡತೊಡಗಿದ್ದರೆ ಆ ಕ್ಷಣವೇ ಬಿ1 ಸೂಜಿ. ಅದನ್ನು ಕಂಪನಿಯ ಮೋಸ ಎನ್ನುವವರು ಆ ಮಕ್ಕಳ ಅಪ್ಪ ಅಮ್ಮನ ಮುಂದೆ ನಿಂತು ಹೇಳಲಿ.

"ಸಸ್ಯಾಹಾರಿಗಳಿಗೆ ಇಡ್ಲಿ ದೋಸೆಯ ಹುದುಗಿನಲ್ಲೇ ಬಿ12 ಸಿಗುತ್ತದೆ." ನಂಬುವಷ್ಟು ಸಿಗುವುದಿಲ್ಲ. ಬಿ12 ತಯಾರಿಸುವುದು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ, ಅದು ನಮಗೆ ತಲುಪುವುದು ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ. ಹಾಲು ಮೊಸರು ಚೆನ್ನಾಗಿ ತೆಗೆದುಕೊಳ್ಳುವವರ ಮಾತು ಬೇರೆ. ಟೀಗೆ ಹಾಕುವ ಹಾಲು, ಊಟದ ಕೊನೆಯ ನೀರು ಮಜ್ಜಿಗೆ ಸಾಲದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕೊರತೆ ಇನ್ನೂ ಹೆಚ್ಚು. ಅಂಗಾಲು ಉರಿ, ಜೋಮು, ಮರೆವು ಬಂದಾಗ ಸಕ್ಕರೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ, ಬಿ12 ಪರೀಕ್ಷಿಸಿ. ಆ ಕೊರತೆಯಲ್ಲಿ ಬರೀ ಫೋಲಿಕ್ ಆಮ್ಲ ತಿಂದರೆ ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ.

ಕೊನೆಯದು, ಆಶಾ ಕಾರ್ಯಕರ್ತೆಯೊಬ್ಬರ ಮಾತು: "ಸಾರ್, ನೀವು ಹೀಗೆ ಬರೆದರೆ ಗರ್ಭಿಣಿಯರು ನಾವು ಕೊಟ್ಟ ಮಾತ್ರೆಯನ್ನೂ ಎಸೆಯುತ್ತಾರೆ." ಎಲ್ಲಕ್ಕಿಂತ ನ್ಯಾಯವಾದ ಆಕ್ಷೇಪ ಇದು, ಅದಕ್ಕೆ ಸ್ಪಷ್ಟವಾಗಿ ಹೇಳುತ್ತೇನೆ: ಎಸೆಯಬೇಡಿ. ಈ ಮಾತ್ರೆಯ ಹಿಂದಿನ ಕಥೆಯೂ ನಮ್ಮ ನೆಲದ್ದೇ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಯ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡುಕೊಂಡರು. ಅದರಲ್ಲಿದ್ದ ಪದಾರ್ಥಕ್ಕೆ ಮುಂದೆ ಫೋಲೇಟ್ ಎಂದು ಹೆಸರಾಯಿತು. ಬೆನ್ನುಹುರಿಯ ದೋಷವಿರುವ ಮಗುವನ್ನು ಒಮ್ಮೆ ಹೆತ್ತವರಿಗೆ ಮುಂದಿನ ಬಸಿರಿಗೆ ಮುಂಚಿನಿಂದ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಪ್ಪುತ್ತದೆ ಎಂದು 1991ರಲ್ಲಿ ಸಾಬೀತಾಯಿತು. ಭ್ರೂಣದ ನರನಾಳ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರೆಂದು ಆಗಿನ್ನೂ ಗೊತ್ತೇ ಆಗಿರುವುದಿಲ್ಲ. ಆದ್ದರಿಂದ ಮಗು ಬೇಕೆಂದುಕೊಂಡಾಗಲೇ ಫೋಲಿಕ್ ಆಮ್ಲ ಶುರುಮಾಡಬೇಕು. ಹಿಂದೆ ಅಂಥ ಮಗುವಾಗಿದ್ದರೆ ಪ್ರಮಾಣ ಬೇರೆ, ವೈದ್ಯರೇ ಹೇಳಬೇಕು.

ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ದಿನಕ್ಕೊಂದು, ಕನಿಷ್ಠ 180 ದಿನ. ಮಲ ಕಪ್ಪಾಗುವುದು ಕಬ್ಬಿಣದಿಂದ, ಗಾಬರಿ ಬೇಡ. ವಾಕರಿಕೆ ಬಂದರೆ ಊಟವಾದ ಮೇಲೆ ರಾತ್ರಿ ನುಂಗಿ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ನೀರಿನ ಜೊತೆಗಾದರೆ ಚೆನ್ನಾಗಿ ಹತ್ತುತ್ತದೆ.