ಕಂಪ್ಯೂಟರಿನ ಲಾವಣಿ ಪತ್ರ

ವಿದ್ಯಾರ್ಥಿವೇತನದ ಅರ್ಜಿ ತುಂಬಲು ಇಂದೇ ಕೊನೆಯ ದಿನ. ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಬರುತ್ತಿಲ್ಲ. ಮಗ ಕಂಗಾಲು, ತಂದೆಗೆ ರಿಪೇರಿ ಖರ್ಚಿನ ಚಿಂತೆ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಲಾವಣಿ ಪತ್ರವನ್ನು!

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಲಾವಣಿ ಎಂದರೆ ಹಾಡು ಮಾತ್ರವಲ್ಲ. ಹೊಲವನ್ನು ಇಂತಿಷ್ಟು ಕಾಲ ಉಳಲು ಕೊಡುವ ಕರಾರೂ ಹೌದು. ಕಂಪ್ಯೂಟರ್ ಜಾಲದಲ್ಲೂ ಇಂಥದೇ ಕರಾರು ಉಂಟು. ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಮನೆಯ ಸಣ್ಣ ಜಾಲದಲ್ಲಿ ಸಾಮಾನ್ಯವಾಗಿ ಇರುವುದು 254 ವಿಳಾಸ ಮಾತ್ರ. ಬಂದುಹೋದ ಮೊಬೈಲುಗಳೆಲ್ಲ ಅವನ್ನು ಹಿಡಿದುಕೊಂಡೇ ಕುಳಿತರೆ ಹೊಸಬರಿಗೆ ಉಳಿಯುವುದೇನು? ಆದ್ದರಿಂದ ರೂಟರ್ ಅವನ್ನು ಕಾಲಮಿತಿ ಹಾಕಿ ಕೊಡುತ್ತದೆ. ಈ ಏರ್ಪಾಟಿನ ಹೆಸರು ಡಿಎಚ್‌ಸಿಪಿ. ಅಮೆರಿಕದ ರಾಲ್ಫ್ ಡ್ರೋಮ್ಸ್ ಬರೆದ ಇದರ ನಿಯಮಾವಳಿ 1993ರಲ್ಲಿ ಪ್ರಕಟವಾಯಿತು.

ಲಾವಣಿ 24 ಗಂಟೆಯದು ಎನ್ನಿ. ಅರ್ಧ ಅವಧಿ, ಅಂದರೆ 12 ಗಂಟೆ ಕಳೆದಾಗ ಕಂಪ್ಯೂಟರ್ ತಾನಾಗಿಯೇ ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೆ, ಎಂಟರಲ್ಲಿ ಏಳು ಪಾಲು ಮುಗಿದ 21ನೆಯ ಗಂಟೆಗೆ ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಆಗಲೂ ಯಾರೂ ಓಗೊಡದಿದ್ದರೆ 24 ತುಂಬಿದಾಗ ವಿಳಾಸ ಬಿಡಲೇಬೇಕು.

ಇದನ್ನು ನೋಡುವುದು ಹೇಗೆ? ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಟ್ಟು ‘ಐಪಿ ಅಡ್ರೆಸ್’ ಎಂದು ಬರೆದು ಎಂಟರ್ ಒತ್ತಿ. 127ರಿಂದ ಮೊದಲಾಗುವ ವಿಳಾಸ ಯಂತ್ರದ ಸ್ವಂತದ್ದು, ಅದನ್ನು ಬಿಡಿ. ಇನ್ನೊಂದರ ಕೆಳಗೆ ‘ವ್ಯಾಲಿಡ್’ ಎಂದು ಆರಂಭವಾಗುವ ಸಾಲಿನಲ್ಲಿ ಉಳಿದ ಸೆಕೆಂಡುಗಳಿರುತ್ತವೆ. 43,200 ಎಂದಿದ್ದರೆ ಇನ್ನೂ 12 ಗಂಟೆ. ‘ಫಾರೆವರ್’ ಎಂದಿದ್ದರೆ ಸಾಮಾನ್ಯವಾಗಿ ಅದು ಲಾವಣಿಯದಲ್ಲ, ಕೈಯಾರೆ ಕೊಟ್ಟ ಕಾಯಂ ವಿಳಾಸ.

ಡಿಎಚ್‌ಕ್ಲೈಂಟ್ ಎಂಬ ತಂತ್ರಾಂಶ ಬಳಸುವ ಯಂತ್ರಗಳಲ್ಲಿ ಪೂರ್ತಿ ಕರಾರು ‘ಲೀಸಸ್’ ಎಂಬ ಫೈಲಿನಲ್ಲಿ ದಾಖಲಾಗುತ್ತದೆ. ಹೊಸದು ಕೊನೆಗೆ ಸೇರುವುದರಿಂದ ಕೊನೆಯದನ್ನೇ ಓದಬೇಕು. ಹಲವರು ಎಡವುವುದು ಮುಂದೆ. ಅಲ್ಲಿಯ ಸಮಯ ಸಾಮಾನ್ಯವಾಗಿ ವಿಶ್ವಕಾಲಮಾನದ್ದು. ನಮ್ಮ ಗಡಿಯಾರಕ್ಕೆ ಹೊಂದಿಸಲು ಐದೂವರೆ ಗಂಟೆ ಕೂಡಿಸಬೇಕು. ಬೆಳಿಗ್ಗೆ 6ಕ್ಕೆ ಮುಕ್ತಾಯ ಎಂದಿದ್ದರೆ ನಮಗದು 11.30. ಹತ್ತು ಗಂಟೆಗೆ ನೋಡಿ ‘ಮುಗಿದೇ ಹೋಯಿತು’ ಎಂದುಕೊಂಡರೆ ತಪ್ಪಾದೀತು.

ಈಗ ಆ ಹುಡುಗನ ಕೆಲಸ ಹಗುರ. ವಿಳಾಸವೇ ಇಲ್ಲದಿದ್ದರೆ ತಂತಿ, ವೈಫೈ, ರೂಟರುಗಳನ್ನು ನೋಡಬೇಕು. ವಿಳಾಸವೂ ಅವಧಿಯೂ ಇದ್ದು ಇಂಟರ್‌ನೆಟ್ ಇಲ್ಲವೆಂದರೆ ದೋಷ ಬಹುಶಃ ರೂಟರಿನ ಆಚೆ. ಕಂಪ್ಯೂಟರನ್ನು ರಿಪೇರಿಗೆ ಒಯ್ಯುವ ಬದಲು, ಸಂಪರ್ಕ ಕೊಟ್ಟವರಿಗೆ ತಿಳಿಸಿ, ಅರ್ಜಿಯನ್ನು ನೆರೆಮನೆಯಲ್ಲಿ ತುಂಬುವುದೇ ಜಾಣತನ.