ಒಂಬತ್ತನೇ ತಾರೀಖು ಹಾಲು ಕರೆಯುವವರು ಯಾರು?



ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಬೇಕೆಂದು ನಮಗೆಲ್ಲ ಗೊತ್ತು. ಅದೇ ಕೊಟ್ಟಿಗೆಯಲ್ಲಿ ಎಂಟು ತಿಂಗಳ ಬಸುರಿ ಸಗಣಿ ಬುಟ್ಟಿ ಹೊರುತ್ತಿರುತ್ತಾಳೆ. ಹೆಂಗಸನ್ನು ಹಸುವಿಗೆ ಹೋಲಿಸಿದ್ದಕ್ಕೆ ತಾಯಂದಿರು ಕ್ಷಮಿಸಬೇಕು. ಹೋಲಿಸಿದಾಗಲೂ ಹಸುವಿನ ಪಾಡೇ ಮೇಲು ಕಾಣುತ್ತದಲ್ಲ, ಅದು ನನ್ನ ಸಂಕಟ.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತಿದೆ. ಬಿ.ಪಿ., ಮೂತ್ರ, ಹಿಮೋಗ್ಲೋಬಿನ್ ಎಲ್ಲ ನೋಡುತ್ತಾರೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಇಳಿದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಸಿಸೇರಿಯನ್ ಆದರೂ, ಹಣ ಕೊಡಬೇಕಿಲ್ಲ. 108ಕ್ಕೆ ಫೋನ್ ಮಾಡಿದರೆ ವಾಹನವೂ ಉಂಟು. ಇಷ್ಟಿದ್ದೂ ಎಷ್ಟೋ ಸೊಸೆಯಂದಿರ ತಾಯಿ ಕಾರ್ಡು ಖಾಲಿ ಉಳಿಯುತ್ತದೆ. ಬಸ್ಸು ಬರುವ ಹೊತ್ತಿಗೇ ಡೇರಿಗೆ ಹಾಲು ಹಾಕಬೇಕು. "ನಾವೇನು ಆಸ್ಪತ್ರೆ ಮುಖ ನೋಡಿ ಹೆತ್ತೆವಾ?" ಎನ್ನುವ ಅತ್ತೆಯನ್ನು ಒಪ್ಪಿಸಬೇಕು. ಬಸ್ ಚಾರ್ಜಿಲ್ಲದಿದ್ದರೂ ಸ್ಕ್ಯಾನಿಂಗ್‌ಗೆ, ಊಟಕ್ಕೆ ಗಂಡನ ಮುಂದೆ ಕೈಚಾಚಬೇಕು.

ಈ ಕೈಚಾಚುವ ಮಾತಿನಲ್ಲಿ ನಮ್ಮ ಸಂಘಗಳ ಪಾಲೂ ಇದೆ. ಹುಲ್ಲು ಕೊಯ್ಯುವವಳು, ಕರೆಯುವವಳು, ಕ್ಯಾನು ಹೊರುವವಳು ಅವಳು, ಸದಸ್ಯತ್ವ ಗಂಡನದು. ಬಟವಾಡೆ, ಪ್ರೋತ್ಸಾಹಧನ ಎರಡೂ ಅವನ ಖಾತೆಗೆ. ಹಸು ನೋಡಿಕೊಳ್ಳುವವಳ ಹೆಸರಲ್ಲೇ ಸದಸ್ಯತ್ವ, ಖಾತೆ ಇರಲಿ. ಕಾರ್ಯದರ್ಶಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದೇ ಹೋಗಬಹುದು. ವರ್ಷಕ್ಕೊಂದು ಬಸಿರು ಬೇಡವೆಂದು ಕಾಪರ್-ಟಿ ಹಾಕಿಸಿಕೊಳ್ಳುವ ತೀರ್ಮಾನ ಹೆಣ್ಣುಮಗಳದೇ. ಗರ್ಭಪಾತದ ವಿಷಯದಲ್ಲೂ 1971ರ ಕಾಯ್ದೆ ಹೇಳಿದ ಅವಧಿ, ಕಾರಣಗಳೊಳಗೆ ಇದ್ದರೆ 18 ತುಂಬಿದವಳ ಒಪ್ಪಿಗೆಯೇ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

ಹಸು ಕಂದು ಹಾಕಿದಾಗ ಮಾಸು, ಸತ್ತ ಕರು ತೆಗೆಯಲು ಬಸುರಿಯನ್ನು ಕಳಿಸಲೇಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ, ಅವಳ ಬಸಿರಿಗೂ ಕುತ್ತು ತರುತ್ತದೆ. ಕೈಗವಸು ಹಾಕಿಕೊಂಡು ಗಂಡಸರೇ ತೆಗೆದು, ಸುಣ್ಣ ಹಾಕಿ ಆಳವಾಗಿ ಹೂಳಲಿ. ಹಸಿ ಹಾಲು ಯಾರೂ ಕುಡಿಯಬೇಡಿ.

ಮತ್ತೆ, 9ರ ಬೆಳಗ್ಗೆ ಕರೆದು ಡೇರಿಗೆ ಹಾಕುವ ಕೆಲಸ ಮನೆಯ ಗಂಡಸರದಾಗಲಿ. ಹೊಸ ಕೈಗೆ ಹಸು ಒದೆಯುತ್ತದೆ ಎನ್ನುವವರು ಈ ವಾರದಿಂದಲೇ ಕೈ ಪಳಗಿಸಿಕೊಳ್ಳಬಹುದು.