ಅಂಗಳವೇ ಡೊಂಕಾಗಿದ್ದರೆ?

ಕುಣಿಯಲಾರದವಳು ಅಂಗಳ ಡೊಂಕು ಎಂದಳೆಂಬ ಗಾದೆಯನ್ನು ಹೋಟೆಲು ಮಾಲಿಕರು ತಮ್ಮ ಕೆಲಸಗಾರರ ಮೇಲೆ ಎಷ್ಟು ಸಲ ಪ್ರಯೋಗಿಸಿರುವರೆಂಬುದಕ್ಕೆ ಲೆಕ್ಕವಿಲ್ಲ. ಪತ್ರಿಕೆಯ ಮೇಜಿಗೆ ಬರುವ ಮುನ್ನ ಹಲವು ವರ್ಷ ಗಲ್ಲಾದಲ್ಲಿ ಕುಳಿತಿದ್ದ ನಾವೂ ಇದಕ್ಕೆ ಹೊರತಲ್ಲ. ಆದರೆ ಅಂಗಳವು ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ.

ನಮ್ಮ ಹೋಟೆಲಿನಲ್ಲಿ ಒಬ್ಬ ಮಾಣಿಯಿದ್ದನು. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಅವನ ಕೈಯಿಂದ ಗಾಜಿನ ಲೋಟಗಳು ಜಾರಿ ಬೀಳುತ್ತಿದ್ದುವು. ಎರಡು ಸಲ ಬೈದೆವು; ಮೂರನೆಯ ಸಲ ಲೋಟಗಳ ಬೆಲೆಯನ್ನು ಸಂಬಳದಲ್ಲಿ ಮುರಿದೆವು. ಮೇ ತಿಂಗಳಲ್ಲಿ ಅವನು ರಜೆಯ ಮೇಲೆ ಊರಿಗೆ ಹೋದಾಗ ಆಳು ಸಾಲದೆ ನಾವೇ ತಟ್ಟೆ ಹಿಡಿಯಬೇಕಾಯಿತು. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ತೊಳೆದ ನೀರು ಹರಿದು ಮೆಟ್ಟಿಲು ಪಾಚಿಗಟ್ಟಿತ್ತು; ಆವಿಯಲ್ಲಿ ಅದು ಕಣ್ಣಿಗೂ ಬೀಳುತ್ತಿರಲಿಲ್ಲ. ಅರ್ಧ ಗಂಟೆಯೊಳಗೆ ನಮ್ಮ ಕೈಯಿಂದಲೂ ಸಾಂಬಾರಿನ ಬಟ್ಟಲು ಬಿದ್ದಿತು. ಮರುದಿನವೇ ಗಾರೆಯವನನ್ನು ಕರೆಸಿ ಮೆಟ್ಟಿಲನ್ನು ತೆಗೆಸಿ, ನೀರಿಗೆ ಬೇರೆ ದಾರಿ ಮಾಡಿಸಿದೆವು. ಆಮೇಲೆ ಆ ಮಾಣಿಯ ಕೈ ಜಾರಲಿಲ್ಲ. ಮುರಿದ ಹಣವನ್ನು ಹಿಂದಕ್ಕೆ ಕೊಟ್ಟೆವು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಾಗಲಿಲ್ಲ.

ಮುಂಬಯಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಒಲೆಯ ಮುಂದೆ ನಿಂತವನ ತಲೆ ಸುತ್ತುವುದು ಸೋಮಾರಿತನದ ಗುರುತಲ್ಲ. ದಿನವಿಡೀ ನಿಂತೇ ಇರುವವನ ಕಾಲಿನ ರಕ್ತ ಮೇಲಕ್ಕೇರಲು ಕಷ್ಟಪಡುತ್ತದೆ. ಕಾಲು ಬಾಯುವುದೂ ನರಗಳು ಗಂಟುಕಟ್ಟುವುದೂ ಇದರಿಂದಲೇ. ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಅಂಗಡಿಯ ಕೆಲಸಗಾರರಿಗೆ ಆಸನವಿರಬೇಕೆಂದು ಕಾಯಿದೆಯನ್ನು ತಿದ್ದಿದುವು. ಒಂದು ಸ್ಟೂಲು ಹಾಕಿಸಲು ಕಾಯಿದೆ ಬೇಕಾಯಿತೆಂಬುದು ಮಾಲಿಕ ವರ್ಗಕ್ಕೆ ಮರ್ಯಾದೆಯ ಮಾತಲ್ಲ.

ಕೆಲಸಗಾರ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಸ್ಥಳವು ಸುಧಾರಿಸುವವರೆಗೆ ಮೈಯನ್ನು ಕಾಪಾಡಿಕೊಳ್ಳಿರಿ. ಬಾಯಾರುವ ಮೊದಲೇ ನೀರನ್ನೋ ಮಜ್ಜಿಗೆಯನ್ನೋ ಕುಡಿಯಿರಿ. ಒಲೆಯ ಬಳಿಯ ಕೆಲಸವನ್ನು ಸರದಿಯಂತೆ ಹಂಚಿಕೊಳ್ಳಿರಿ. ನಿಂತಲ್ಲಿಯೇ ಒಂದೊಂದು ಕಾಲನ್ನು ಸರದಿಯಾಗಿ ಸಣ್ಣ ಹಲಗೆಯ ಮೇಲಿಟ್ಟರೆ ಸೊಂಟಕ್ಕೆ ಆರಾಮ. ದೂರು ಹೇಳುವ ರೀತಿಯೂ ಮುಖ್ಯವಾದುದು. "ಕೆಲಸ ಕಷ್ಟ" ಎಂದರೆ ಮಾಲಿಕನ ಕಿವಿಗೆ ಅದು ನೆಪವಾಗಿ ಕೇಳಿಸುತ್ತದೆ. "ಈ ವಾರ ಈ ಮೆಟ್ಟಿಲಲ್ಲಿ ಮೂವರು ಜಾರಿದರು" ಎಂದರೆ ಲೆಕ್ಕವಾಗಿ ಕೇಳಿಸುತ್ತದೆ. ಒಬ್ಬನೇ ಹೋಗದೆ ನಾಲ್ವರು ಕೂಡಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೇಳಿರಿ. ಕಚೇರಿಯ ಗುಮಾಸ್ತರಿಗೂ ನಮ್ಮ ಸಲಹೆ ಇದೇ. ಮಂಕು ದೀಪದ ಕೆಳಗೆ ಅಂಕೆ ತಪ್ಪಿದರೆ, ತಪ್ಪನ್ನು ಒಪ್ಪಿಕೊಳ್ಳುವಾಗಲೇ ದೀಪದ ಮಾತನ್ನೂ ಎತ್ತಿರಿ.

ಅಂಗಳ ನೆಟ್ಟಗಿದ್ದೂ ಕುಣಿಯದವರಿದ್ದಾರೆ, ಅದನ್ನು ನಾವು ಬಲ್ಲೆವು. ಅಂಥವರನ್ನು ಗುರುತಿಸುವ ದಾರಿ ಒಂದೇ: ಮಾಲಿಕರು ತಿಂಗಳಿಗೊಮ್ಮೆಯಾದರೂ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಆ ಕೆಲಸಗಾರನ ಜಾಗದಲ್ಲಿ ನಿಲ್ಲಲಿ. ಹಾಗೆ ನಿಂತ ಮೇಲೆಯೂ ಬೈಯುವ ಮನಸ್ಸು ಉಳಿದಿದ್ದರೆ ಧಾರಾಳವಾಗಿ ಬೈಯಲಿ.